ನಮ್ಮ ಸಂಬಳದ ಪಟ್ಟಿ ಕಂಪನಿಯಿಂದಲೇ ಸೋರಿದೆ; ಈಗ "ದೂರು ಇಲ್ಲ" ಎಂದು ಸಹಿ ಕೇಳುತ್ತಿದ್ದಾರೆ. ಹಾಕಬೇಕೇ?

ಎರಡನೇ_ಪಾಳಿ

ಪೀಣ್ಯದ ಒಂದು ಬಿಡಿಭಾಗ ಕಾರ್ಖಾನೆಯಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಹೆಸರು ಹೇಳುವುದಿಲ್ಲ, ಕೆಲಸ ಬೇಕು. ಸುಮಾರು 600 ಜನ ಇದ್ದೇವೆ. ಸಂಬಳದ ಲೆಕ್ಕವನ್ನು ಕಂಪನಿ ಹೊರಗಿನ ಸಂಸ್ಥೆಯೊಂದಕ್ಕೆ ವಹಿಸಿದೆ.

ಕಳೆದ ವಾರ ನಮ್ಮ ಲೇತ್ ವಿಭಾಗದ ಒಬ್ಬರಿಗೆ ಫೋನ್ ಬಂತು. ಆ ಕಡೆಯವನು ಅವರ ಕೈಗೆ ಬರುವ ಸಂಬಳವನ್ನು ಪೈಸೆ ಸಮೇತ ಹೇಳಿ, "ನಿಮ್ಮ ಪಿಎಫ್ ಮುಂಗಡ ಮಂಜೂರಾಗಿದೆ, ಒಟಿಪಿ ಹೇಳಿ" ಎಂದನಂತೆ. ಪುಣ್ಯಕ್ಕೆ ಅವರು ಹೇಳಲಿಲ್ಲ. ಎರಡು ದಿನ ಕಳೆದ ಮೇಲೆ ಯಾರೋ ಒಂದು ಎಕ್ಸೆಲ್ ಹಾಳೆಯ ಚಿತ್ರ ಕಳಿಸಿದರು. ಅದರಲ್ಲಿ ನನ್ನ ಸಾಲನ್ನು ನಾನೇ ಹುಡುಕಿಕೊಂಡೆ. ಹೆಸರು, ಹುಟ್ಟಿದ ದಿನ, ಪ್ಯಾನ್, ಆಧಾರ್, ಬ್ಯಾಂಕ್ ಖಾತೆ, ಪಿಎಫ್ ಖಾತೆಯ ಯುಎಎನ್ ಸಂಖ್ಯೆ, ಗುಂಪು ವಿಮೆಗೆ ಕೊಟ್ಟಿದ್ದ ಮಕ್ಕಳ ಹೆಸರು, ನನ್ನ ಸಕ್ಕರೆ ಕಾಯಿಲೆ ಎಲ್ಲವೂ ಇವೆ. ನಾಮಿನಿ ಕಾಲಂನಲ್ಲಿ ಇನ್ನೂ ನಮ್ಮ ತಾಯಿಯ ಹೆಸರು. ಅವರು ತೀರಿಕೊಂಡು ನಾಲ್ಕು ವರ್ಷವಾಯಿತು. ಬದಲಾಯಿಸಿ ಎಂದು ಎರಡು ಸಲ ಅರ್ಜಿ ಕೊಟ್ಟಿದ್ದೆ. ತಿದ್ದುವುದಕ್ಕೆ ಯಾರಿಗೂ ಪುರುಸೊತ್ತಿರಲಿಲ್ಲ, ಊರಿಗೆಲ್ಲ ಹಂಚುವುದಕ್ಕೆ ಇತ್ತು.

ನಿನ್ನೆ ನೋಟಿಸ್ ಬೋರ್ಡಿನಲ್ಲಿ ಸುತ್ತೋಲೆ ಬಂದಿದೆ: "ಸಿಬ್ಬಂದಿಯ ಕೆಲವು ಮಾಹಿತಿಯು ಅನಧಿಕೃತವಾಗಿ ವೀಕ್ಷಿಸಲ್ಪಟ್ಟಿರುವ ಸಾಧ್ಯತೆ ಇರುತ್ತದೆ. ಆತಂಕಪಡುವ ಅಗತ್ಯವಿರುವುದಿಲ್ಲ." ಹಾಜರಿ ಯಂತ್ರದ ಪಕ್ಕದ ಮೇಜಿನ ಮೇಲೆ ಒಂದು ಕಟ್ಟು ಕಾಗದ ಇಟ್ಟು, ಟ್ವೈನ್ ದಾರದಲ್ಲಿ ಪೆನ್ನು ಕಟ್ಟಿದ್ದಾರೆ. ಕಾಗದದಲ್ಲಿ ಎರಡು ವಾಕ್ಯ. ಒಂದು, ವಿಷಯ ನನಗೆ ತಿಳಿಸಲಾಗಿದೆ. ಎರಡು, ಈ ಬಗ್ಗೆ ಕಂಪನಿಯ ಮೇಲೆ ನನ್ನದು ಯಾವುದೇ ದೂರು ಅಥವಾ ಕ್ಲೇಮು ಇರುವುದಿಲ್ಲ. ಮೊದಲ ಪಾಳಿಯವರು ಅರ್ಧಕ್ಕರ್ಧ ಹಾಕಿ ಹೋಗಿದ್ದಾರೆ.

ಹಾಕಬೇಕೇ? ಹಾಕದಿದ್ದರೆ ಮುಂದೇನು? ಕಾನೂನಿನಲ್ಲಿ ನಮಗೆ ಏನಾದರೂ ಇದೆಯೇ?

ಕುಂದಾ_ಪ್ರಿಯ

ಹಾಕಬೇಡಿ.

ಉದಾಸೀನ_ಮೂರ್ತಿ

ಇಷ್ಟಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ ಸಾರ್. ಹೋದ ವರ್ಷ ಪರಿಷೆಯಲ್ಲಿ ಕಡಲೆಕಾಯಿ ಕೊಂಡಾಗ ಪೊಟ್ಟಣ ಬಿಚ್ಚಿ ನೋಡಿದರೆ ಯಾರದೋ ಆಧಾರ್ ಜೆರಾಕ್ಸು. ಸಿಮ್ಮಿಗೆ ಕೊಟ್ಟಿದ್ದೇವೆ, ಲಾಡ್ಜಿಗೆ ಕೊಟ್ಟಿದ್ದೇವೆ, ಗ್ಯಾಸಿಗೆ ಕೊಟ್ಟಿದ್ದೇವೆ. ನಮ್ಮ ಮಾಹಿತಿ ಯಾವತ್ತೋ ಬೀದಿಗೆ ಬಿದ್ದಿದೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ ಈಗ ಓಡಾಡಿ ಏನು ಪ್ರಯೋಜನ?

ನಿವೃತ್ತ_ಕ್ಯಾಷಿಯರ್

ಮೂರ್ತಿಯವರೇ, ನಿಮ್ಮ ಕಡಲೆಕಾಯಿ ಪೊಟ್ಟಣದಲ್ಲಿ ಖಾತೆ ಸಂಖ್ಯೆ ಇತ್ತೇ? ಸಂಬಳ ಇತ್ತೇ? ಮಕ್ಕಳ ಹೆಸರಿತ್ತೇ? ಬಿಡಿಬಿಡಿಯಾಗಿ ಬಿದ್ದ ಕಾಗದ ಬೇರೆ, ಎಲ್ಲವನ್ನೂ ಒಂದೇ ಸಾಲಿನಲ್ಲಿ ಜೋಡಿಸಿ ಕೊಟ್ಟದ್ದು ಬೇರೆ. ಫೋನ್ ಮಾಡಿದವನು ಸಂಬಳವನ್ನು ಪೈಸೆ ಲೆಕ್ಕದಲ್ಲಿ ಹೇಳಿದ್ದರಿಂದಲೇ ಆ ಲೇತ್‌ನವರು ಅಷ್ಟು ಹೊತ್ತು ಮಾತಾಡಿದ್ದು.

ಬ್ಯಾಂಕಿನಲ್ಲಿ ಮೂವತ್ತನಾಲ್ಕು ವರ್ಷ ಕಳೆದವನು ಹೇಳುತ್ತೇನೆ, ಪಾಳಿಯವರು ಗಮನಿಸಿ. ಖಾತೆ ಸಂಖ್ಯೆ ಒಂದರಿಂದ ಯಾರೂ ಹಣ ತೆಗೆಯಲಾರರು. ಅದು ಚೆಕ್ಕಿನ ಮೇಲೂ ಇರುತ್ತದೆ. ಭಯ ಇರುವುದು ಬೆರಳಚ್ಚಿನಿಂದ, ಸಿಮ್ಮಿನಿಂದ ಮತ್ತು ನಿಮ್ಮ ಬಾಯಿಂದ. ಹಾಗಾಗಿ ಇವತ್ತೇ ಆಧಾರ್ ಆ್ಯಪಿನಲ್ಲೋ ಆಧಾರ್ ಪ್ರಾಧಿಕಾರವಾದ ಯುಐಡಿಎಐ ತಾಣದಲ್ಲೋ ಬೆರಳಚ್ಚಿಗೆ ಬೀಗ ಹಾಕುವ ಬಯೊಮೆಟ್ರಿಕ್ ಲಾಕ್ ಮಾಡಿ. ಆಮೇಲೆ ನಿಮ್ಮ ಹೆಬ್ಬೆಟ್ಟಿನ ಪ್ರತಿ ಯಾರ ಹತ್ತಿರ ಇದ್ದರೂ ಅದರಿಂದ ಹಣ ಬರುವುದಿಲ್ಲ. ಅಲ್ಲಿಯೇ ಕಳೆದ ಆರು ತಿಂಗಳಲ್ಲಿ ನಿಮ್ಮ ಆಧಾರ್ ಎಲ್ಲೆಲ್ಲಿ ಬಳಕೆಯಾಗಿದೆ ಎಂಬ ಪಟ್ಟಿಯೂ ಸಿಗುತ್ತದೆ, ನೋಡಿ. ಸಂಚಾರ್ ಸಾಥಿ ತಾಣಕ್ಕೆ ಹೋದರೆ ನಿಮ್ಮ ಹೆಸರಿನಲ್ಲಿ ಎಷ್ಟು ಮೊಬೈಲ್ ಸಂಖ್ಯೆಗಳಿವೆ ಎಂದು ತೋರಿಸುತ್ತದೆ. ನಿಮ್ಮದಲ್ಲದ್ದು ಕಂಡರೆ ಅಲ್ಲಿಯೇ ಗುರುತು ಹಾಕಿ. ಮೊಬೈಲಿನಲ್ಲಿ ಕಾರಣವಿಲ್ಲದೆ ಗಂಟೆಗಟ್ಟಲೆ ಸಿಗ್ನಲ್ ಹೋದರೆ ಟವರ್ ಕೆಟ್ಟಿದೆ ಎಂದು ಸುಮ್ಮನಿರಬೇಡಿ. ನಿಮ್ಮ ಸಂಖ್ಯೆಯ ಸಿಮ್ಮನ್ನು ಬೇರೆಯವರು ಪಡೆದಿರಬಹುದು. ಬೇರೆ ಫೋನಿನಿಂದ ಮೊಬೈಲ್ ಕಂಪನಿಗೂ ಬ್ಯಾಂಕಿಗೂ ಕರೆ ಮಾಡಿ.

ಇನ್ನೊಂದು ಮಾತು. ನಿಮ್ಮ ಸಂಬಳದ ಚೀಟಿಯ ಪಿಡಿಎಫ್‌ಗೆ ಪಾಸ್‌ವರ್ಡ್ ಏನು? ಹೆಸರಿನ ಮೊದಲ ನಾಲ್ಕು ಅಕ್ಷರ ಮತ್ತು ಹುಟ್ಟಿದ ಇಸವಿ ಇರಬೇಕು. ಆ ಎರಡೂ ಸೋರಿದ ಹಾಳೆಯಲ್ಲಿವೆ! ಬೀಗವನ್ನೂ ಕೀಲಿಕೈಯನ್ನೂ ಒಂದೇ ಗೂಟಕ್ಕೆ ನೇತುಹಾಕಿದ್ದಾರೆ. ಬ್ಯಾಂಕ್, ವಿಮೆ, ಪಿಎಫ್ ಎಲ್ಲಿಯಾದರೂ ಅದೇ ಮಾದರಿಯ ಪಾಸ್‌ವರ್ಡ್ ಇಟ್ಟಿದ್ದರೆ ರಾತ್ರಿಯೇ ಬದಲಾಯಿಸಿ.

ಎರಡನೇ_ಪಾಳಿ

ಸಾರ್, ಪಾಸ್‌ವರ್ಡ್ ಅದೇ. ಊಹಿಸಿಬಿಟ್ಟಿರಲ್ಲ.

ಲಾಕ್ ಮಾಡಿದರೆ ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತುವುದು ಹೇಗೆ?

ಮಲ್ಲಿಗೆ_ಮೊಳ

ಒತ್ತುವುದಕ್ಕೆ ಆಗುವುದಿಲ್ಲ! ನಮ್ಮ ಯಜಮಾನರು ಉತ್ಸಾಹದಲ್ಲಿ ಲಾಕ್ ಮಾಡಿ ನನಗೆ ಹೇಳಲೇ ಇಲ್ಲ. ಅವರು ಬಿಸಿಲಿನಲ್ಲಿ ಒಂದು ಗಂಟೆ ನಿಂತು, ಬೆರಳನ್ನು ಪ್ಯಾಂಟಿಗೆ ಉಜ್ಜಿ ಉಜ್ಜಿ ಒತ್ತಿದರೂ ಯಂತ್ರ ಒಪ್ಪಲಿಲ್ಲ. ಬರುವಾಗ ಖಾಲಿ ಚೀಲ. ಆ್ಯಪಿನಲ್ಲಿ ಸ್ವಲ್ಪ ಹೊತ್ತಿನ ಮಟ್ಟಿಗೆ ತೆರೆಯುವ ಸೌಲಭ್ಯ ಇದೆ, ಅಂಗಡಿಯ ಸಾಲಿನಲ್ಲಿ ನಿಂತಾಗ ತೆರೆದರೆ ಸಾಕು. ಅಥವಾ ಕಾರ್ಡಿನಲ್ಲಿರುವ ಇನ್ನೊಬ್ಬರು ಹೋಗಬಹುದು, ಒಬ್ಬರ ಲಾಕ್ ಇನ್ನೊಬ್ಬರಿಗೆ ತಾಗುವುದಿಲ್ಲ.

ಕಡಲ_ಕರೆ

ಬೆರಳಚ್ಚಿನ ವಿಷಯ ತಮಾಷೆಯಲ್ಲ. 2023ರಲ್ಲಿ ಮಂಗಳೂರಿನಲ್ಲಿ ಇಂಥ ದೂರುಗಳು ಸಾಲುಸಾಲಾಗಿ ಬಂದಿದ್ದವು. ನೋಂದಣಿಯಾದ ಕ್ರಯಪತ್ರಗಳಲ್ಲಿದ್ದ ಬೆರಳಚ್ಚನ್ನೇ ನಕಲು ಮಾಡಿ ಆಧಾರ್ ಆಧಾರಿತ ಪಾವತಿಯಲ್ಲಿ ಹಣ ತೆಗೆಯುತ್ತಿದ್ದರು. ನಮ್ಮ ಮಾವನವರು ಹತ್ತು ಸೆಂಟ್ಸ್ ಜಾಗ ಬರೆಸಿಕೊಂಡು ತಿಂಗಳಾಗಿರಲಿಲ್ಲ. ಬೆಳಗ್ಗೆ ಕಾಫಿ ಕುಡಿಯುವಾಗ ಸಂದೇಶ: ಹತ್ತು ಸಾವಿರ ಕಡಿತ. ಒಟಿಪಿ ಇಲ್ಲ, ಎಟಿಎಂ ಕಾರ್ಡ್ ಬೀರುವಿನಲ್ಲಿ, ಮಾವ ಲುಂಗಿಯಲ್ಲಿ ಜಗಲಿಯ ಮೇಲೆ. ಮಧ್ಯಾಹ್ನದೊಳಗೆ ಬ್ಯಾಂಕಿಗೆ ಬರಹದಲ್ಲಿ ಕೊಟ್ಟಿದ್ದರಿಂದ ಹಣ ಮರಳಿ ಬಂತು.

ನಿವೃತ್ತ_ಕ್ಯಾಷಿಯರ್

ಅದಕ್ಕೆ ಆಧಾರ ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ. ತಪ್ಪು ಗ್ರಾಹಕನದ್ದೂ ಅಲ್ಲ, ಬ್ಯಾಂಕಿನದ್ದೂ ಅಲ್ಲ, ಮೂರನೆಯವರದ್ದು ಎಂದಾದರೆ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದವರ ಹೊಣೆ ಸೊನ್ನೆ. ನಾಲ್ಕರಿಂದ ಏಳು ದಿನವಾದರೆ ಒಂದು ಮಿತಿಯವರೆಗಿನ ನಷ್ಟ ನಿಮ್ಮ ತಲೆಗೆ. ಆದರೆ ಒಟಿಪಿ ನೀವೇ ಹೇಳಿದ್ದರೆ, ಬ್ಯಾಂಕಿಗೆ ತಿಳಿಸುವವರೆಗೆ ಆದ ನಷ್ಟವೆಲ್ಲ ನಿಮ್ಮದೇ.

ಕನ್ನಡ_ಮೇಷ್ಟ್ರು

ವಿಷಯಾಂತರಕ್ಕೆ ಕ್ಷಮಿಸಿ. "ವೀಕ್ಷಿಸಲ್ಪಟ್ಟಿರುವ ಸಾಧ್ಯತೆ ಇರುತ್ತದೆ" ಎಂಬುದನ್ನು ಎರಡು ಸಲ ಓದಿದೆ. ಕರ್ಮಣಿ ಪ್ರಯೋಗ ಬಂತೆಂದರೆ ಕರ್ತೃ ಪರಾರಿಯಾಗಿದ್ದಾನೆ ಎಂದೇ ಅರ್ಥ. ಮಕ್ಕಳಿಗೆ ನಾಳೆ ಇದನ್ನೇ ಉದಾಹರಣೆ ಕೊಡುತ್ತೇನೆ.

ಹೆಬ್ಬಾಳ_ಹಕ್ಕಿ

ಹಾ ಹಾ ಮೇಷ್ಟ್ರೇ. "ಅನಧಿಕೃತವಾಗಿ" ಅಂತೆ. ಅಧಿಕೃತವಾಗಿ ನೋಡುವುದಕ್ಕೆ ಟಿಕೆಟ್ ಇಟ್ಟಿದ್ದರೇ?

ಅದಿರಲಿ, ಹೊಸ ಡೇಟಾ ಕಾಯ್ದೆಯಲ್ಲಿ 250 ಕೋಟಿ ದಂಡ ಇದೆ. 600 ಜನಕ್ಕೆ ಹಂಚಿದರೆ ತಲೆಗೆ 40 ಲಕ್ಷದ ಮೇಲೆ ಬರುತ್ತದೆ. ಕೇಸ್ ಹಾಕಿ ಪಾಳಿಯವರೇ, ಲೇತ್ ಬಿಟ್ಟು ತೋಟ ಮಾಡಬಹುದು.

ವಕಾಲತ್ತು_ನಾಮ

ಹಕ್ಕಿಯವರು ಹಾರುವುದಕ್ಕೆ ಮೊದಲು ಸ್ವಲ್ಪ ಕುಳಿತುಕೊಳ್ಳಲಿ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಭದ್ರತೆ ಇಡದಿದ್ದಕ್ಕೆ 250 ಕೋಟಿಯವರೆಗೆ, ಸೋರಿದ್ದನ್ನು ತಿಳಿಸದಿದ್ದಕ್ಕೆ 200 ಕೋಟಿಯವರೆಗೆ ದಂಡ ಇದೆ, ನಿಜ. "ವರೆಗೆ" ಎಂಬ ಪದವನ್ನು ಮರೆಯಬೇಡಿ. ಮತ್ತು ಆ ದಂಡ ಹೋಗುವುದು ಭಾರತದ ಸಂಚಿತ ನಿಧಿಗೆ. ಡೇಟಾ ಕಳೆದುಕೊಂಡವನಿಗೆ ಅದರಲ್ಲಿ ಒಂದು ರೂಪಾಯಿಯೂ ಇಲ್ಲ. ಸಾಲದ್ದಕ್ಕೆ ಸುಳ್ಳು ಅಥವಾ ಹುರುಳಿಲ್ಲದ ದೂರು ಕೊಟ್ಟರೆ ದೂರುದಾರನಿಗೇ ಹತ್ತು ಸಾವಿರದವರೆಗೆ ದಂಡ. ಇದರ ನಿಯಮಗಳು ಹೊರಬಿದ್ದದ್ದು 2025ರ ನವೆಂಬರ್‌ನಲ್ಲಿ. ಕಂಪನಿಗಳನ್ನು ಕಟ್ಟಿಹಾಕುವ ಮುಖ್ಯ ಕಲಮುಗಳು ಜಾರಿಗೆ ಬರುವುದು ಅಲ್ಲಿಂದ ಹದಿನೆಂಟು ತಿಂಗಳಿಗೆ, ಅಂದರೆ 2027ರ ಮೇ ಹೊತ್ತಿಗೆ.

ಹಾಗಾದರೆ ಇವತ್ತು ಕೈಯಲ್ಲಿರುವುದು ಏನು? ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ. ಸೂಕ್ಷ್ಮ ಮಾಹಿತಿ ಇಟ್ಟುಕೊಂಡ ಸಂಸ್ಥೆ ಅಸಡ್ಡೆಯಿಂದ ಅದನ್ನು ಸೋರಗೊಟ್ಟು, ಅದರಿಂದ ಯಾರಿಗಾದರೂ ನಷ್ಟವಾದರೆ ಪರಿಹಾರ ಕೊಡಬೇಕು ಎಂದು ಅದು ಹೇಳುತ್ತದೆ. ಈ ಕಲಮನ್ನು ಹೊಸ ಕಾಯ್ದೆ ತೆಗೆದುಹಾಕಲಿದೆ, ಆದರೆ ಅದೂ ಆಗುವುದು ಆ 2027ರ ಗಡುವಿನಲ್ಲಿಯೇ. ಅಲ್ಲಿಯವರೆಗೆ ಜೀವಂತವಾಗಿದೆ. ನೋಡಿ ವಿಚಿತ್ರ: ಪರಿಹಾರ ಕೊಡಿಸುವ ಕಲಮು ಹೋಗುತ್ತದೆ, ಸರ್ಕಾರಕ್ಕೆ ದಂಡ ಕಟ್ಟಿಸುವ ಕಲಮು ಬರುತ್ತದೆ. ಇದಕ್ಕೆ ನಾವು ಹಕ್ಕುಗಳ ಯುಗ ಎಂದು ಹೆಸರಿಟ್ಟಿದ್ದೇವೆ.

43ಎ ಅಡಿಯಲ್ಲಿ ಐದು ಕೋಟಿಯವರೆಗಿನ ಕೇಳಿಕೆಗೆ ಸಿವಿಲ್ ಕೋರ್ಟಿಗೆ ಹೋಗುವಂತಿಲ್ಲ. ರಾಜ್ಯದ ಮಾಹಿತಿ ತಂತ್ರಜ್ಞಾನ ಕಾರ್ಯದರ್ಶಿಯೇ ನ್ಯಾಯನಿರ್ಣಯಾಧಿಕಾರಿ, ಅರ್ಜಿ ಅವರ ಮುಂದೆ. ಕೇಳುವ ಮೊತ್ತ ಏರಿದಂತೆ ಶುಲ್ಕವೂ ಏರುತ್ತದೆ. ಮೇಲ್ಮನವಿ ದೆಹಲಿಯ ದೂರಸಂಪರ್ಕ ನ್ಯಾಯಮಂಡಳಿಗೆ.

ಇಲ್ಲಿ ಎರಡು ಗುಂಡಿಗಳಿವೆ. ಈ ಕಲಮಿನ ಅಡಿಯ 2011ರ ನಿಯಮಗಳಲ್ಲಿ "ಸೂಕ್ಷ್ಮ" ಎಂದು ಪಟ್ಟಿ ಮಾಡಿರುವುದು ಪಾಸ್‌ವರ್ಡ್, ಬ್ಯಾಂಕ್ ಖಾತೆಯಂಥ ಹಣಕಾಸಿನ ಮಾಹಿತಿ, ಆರೋಗ್ಯ, ಲೈಂಗಿಕ ಒಲವು, ಬಯೊಮೆಟ್ರಿಕ್ ಮುಂತಾದವನ್ನು. ಪ್ಯಾನ್ ಸಂಖ್ಯೆ, ಆಧಾರ್ ಸಂಖ್ಯೆ ಅದರಲ್ಲಿ ಹೆಸರಿಟ್ಟು ಇಲ್ಲ! ಎಲ್ಲರೂ ಆಧಾರ್ ಆಧಾರ್ ಎಂದು ಕೂಗುತ್ತಾರೆ, ಅರ್ಜಿ ನಿಲ್ಲುವುದು ಖಾತೆ ಸಂಖ್ಯೆಯ ಮೇಲೆ ಮತ್ತು ಪಾಳಿಯವರ ಸಕ್ಕರೆ ಕಾಯಿಲೆಯ ಮೇಲೆ. ಎರಡನೆಯದು, ನಷ್ಟ ತೋರಿಸಬೇಕು. ಭಯವಾಯಿತು, ನಿದ್ದೆ ಬರಲಿಲ್ಲ ಎಂದಷ್ಟೇ ಹೇಳಿದರೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ. ಹಾಗಾಗಿ ಇದಕ್ಕಾಗಿ ಹಾಕಿದ ರಜೆ, ಸಂಬಳ ಕಡಿತ, ಬ್ಯಾಂಕಿಗೆ ಓಡಾಡಿದ ಖರ್ಚು ಎಲ್ಲವನ್ನೂ ದಿನಾಂಕ ಹಾಕಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಸಹಿಯ ವಿಷಯ: ಮೊದಲ ವಾಕ್ಯಕ್ಕೆ ಮಾತ್ರ ಸಹಿ ಹಾಕಬಹುದು. ಎರಡನೆಯದನ್ನು ಅಡ್ಡಗೆರೆ ಎಳೆದು ಹೊಡೆದು, "ವಿಷಯ ತಿಳಿಯಿತು, ನನ್ನ ಹಕ್ಕುಗಳನ್ನು ಬಿಟ್ಟುಕೊಟ್ಟಿಲ್ಲ" ಎಂದು ಕೈಯಲ್ಲಿ ಬರೆದು, ದಿನಾಂಕ ಹಾಕಿ, ಫೋಟೋ ತೆಗೆದುಕೊಳ್ಳಿ. ಈಗಾಗಲೇ ಸಹಿ ಹಾಕಿದವರ ಕಥೆ ಮುಗಿಯಿತು ಎಂದಲ್ಲ, ಮುಂದೆ ಅವರಿಗೆ ವಾದ ಮಾಡುವ ಶ್ರಮ ಜಾಸ್ತಿ, ಅಷ್ಟೇ.

ಪ್ರಜಾ_ಪಥ

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟೇ ಹೇಳಿದೆ. ನೇರವಾಗಿ ಹೈಕೋರ್ಟಿಗೆ ರಿಟ್ ಹಾಕಿದರೆ ಆಯಿತಲ್ಲ?

ವಕಾಲತ್ತು_ನಾಮ

ಹೇಳಿದೆ. 2017ರ ಆಗಸ್ಟ್ 24ರಂದು, ಒಂಬತ್ತು ನ್ಯಾಯಮೂರ್ತಿಗಳ ಪೀಠ. ಅರ್ಜಿ ಹಾಕಿದ ಕೆ.ಎಸ್. ಪುಟ್ಟಸ್ವಾಮಿಯವರು ನಮ್ಮ ಕರ್ನಾಟಕ ಹೈಕೋರ್ಟಿನಲ್ಲಿಯೇ ನ್ಯಾಯಮೂರ್ತಿಯಾಗಿದ್ದವರು. ಆದರೆ ಆ ಹಕ್ಕು ಮುಖ್ಯವಾಗಿ ಸರ್ಕಾರದ ಎದುರು ನಿಲ್ಲುವಂಥದ್ದು. ಪೀಣ್ಯದ ಖಾಸಗಿ ಕಾರ್ಖಾನೆಯ ಮೇಲೆ ರಿಟ್ ಹಿಡಿದು ಹೋದರೆ "ಬೇರೆ ಪರಿಹಾರ ಮಾರ್ಗ ಇದೆಯಲ್ಲ, ಅಲ್ಲಿಗೆ ಹೋಗಿ" ಎಂದು ಕಳಿಸುತ್ತಾರೆ. ಗ್ರಾಹಕ ಆಯೋಗವೂ ಬೇಡ. ನೌಕರ ತನ್ನ ಕಂಪನಿಗೆ ಗ್ರಾಹಕನಲ್ಲ.

ಮಾನವ_ಸಂಪನ್ಮೂಲೆ

ನಾನು ಬೇರೊಂದು ಕಂಪನಿಯಲ್ಲಿ ಹೆಚ್‌ಆರ್. ಎಲ್ಲರೂ ಹೆಚ್‌ಆರ್ ಅನ್ನು ಹೊಡೆಯುತ್ತಿದ್ದೀರಿ, ಸ್ವಲ್ಪ ನಮ್ಮ ಕಡೆಯನ್ನೂ ಕೇಳಿ. ಆ ಎಕ್ಸೆಲ್ ಹಾಳೆ ನಾವು ಆಸೆಪಟ್ಟು ಮಾಡಿದ್ದಲ್ಲ. ಪಿಎಫ್‌ಗೆ ಒಂದು, ಇಎಸ್‌ಐಗೆ ಒಂದು, ವಿಮೆಯವರಿಗೆ ಒಂದು, ತೆರಿಗೆಗೆ ಒಂದು. ಎಲ್ಲರೂ ಎಲ್ಲ ಕಾಲಂ ಕೇಳುತ್ತಾರೆ. ತಿಂಗಳ ಇಪ್ಪತ್ತೆಂಟಕ್ಕೆ ಸಂಬಳ ಬೀಳದಿದ್ದರೆ ಬಾಗಿಲಿಗೆ ಬರುವವರೂ ನೀವೇ.

ಆದರೆ ಆ ಕ್ಲೇಮು ಇಲ್ಲ ಎಂಬ ಕಾಗದ ತಪ್ಪು, ಅದನ್ನು ನಾನು ಸಮರ್ಥಿಸುವುದಿಲ್ಲ. ಹೆದರಿದವರು ಮಾಡುವ ಕೆಲಸ ಅದು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡರು ಎನ್ನುತ್ತಾರಲ್ಲ, ಹಾಗೆ.

ಒಳಗಿನ ಮಾತು ಹೇಳುತ್ತೇನೆ. ಇಂಥದ್ದು ಆದರೆ ಗೊತ್ತಾದ ಆರು ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ಗೆ ವರದಿ ಮಾಡಬೇಕು ಎಂದು 2022ರ ಏಪ್ರಿಲ್‌ನ ನಿರ್ದೇಶನ ಇದೆ. ನಿಮ್ಮ ಪತ್ರದಲ್ಲಿ ಇದೊಂದನ್ನು ಕೇಳಿ: "ಸರ್ಟ್-ಇನ್‌ಗೆ ಯಾವ ದಿನ, ಎಷ್ಟು ಗಂಟೆಗೆ ವರದಿ ಮಾಡಿದ್ದೀರಿ?" ಆ ಒಂದು ವಾಕ್ಯ ಓದಿದ ಕೂಡಲೇ ಕಡತ ನಮ್ಮ ಮೇಜಿನಿಂದ ಎದ್ದು ಕಾನೂನು ವಿಭಾಗದ ಮೇಜಿಗೆ ಹೋಗುತ್ತದೆ. ನಿಮಗೆ ಬೇಕಾದ್ದು ಅದೇ.

ಕುಂದಾ_ಪ್ರಿಯ

ನೋಡಿದಿರಾ, ಮೂಲೆಯಿಂದಲೇ ಮುತ್ತು ಬಂತು. ಮೇಡಂ, ನಿಮಗೆ ಒಂದು ಡಬ್ಬಿ ಕುಂದಾ ನನ್ನ ಲೆಕ್ಕದಲ್ಲಿ.

ದೂರದ_ಬೆಟ್ಟ

ಪೆನ್ಸಿಲ್ವೇನಿಯಾದಿಂದ ಬರೆಯುತ್ತಿದ್ದೇನೆ. ಇಲ್ಲಿ ಯುಪಿಎಂಸಿ ಎಂಬ ದೊಡ್ಡ ಆಸ್ಪತ್ರೆ ಜಾಲದ 62,000 ನೌಕರರ ಮಾಹಿತಿ ಕಳುವಾಗಿ, ಅವರ ಹೆಸರಿನಲ್ಲಿ ಕಳ್ಳರು ತೆರಿಗೆ ಮರುಪಾವತಿ ಪಡೆದಿದ್ದರು. ಕೆಳಗಿನ ಕೋರ್ಟುಗಳು ನೌಕರರ ಕೈಬಿಟ್ಟರೂ 2018ರ ನವೆಂಬರ್‌ನಲ್ಲಿ ರಾಜ್ಯದ ಸುಪ್ರೀಂ ಕೋರ್ಟು, ಕೆಲಸಕ್ಕೆ ಸೇರಲು ಮಾಹಿತಿ ಕೊಡಲೇಬೇಕು ಎಂದು ಪಡೆದ ಮೇಲೆ ಅದನ್ನು ಜೋಪಾನ ಮಾಡುವ ಹೊಣೆಯೂ ಮಾಲೀಕನದ್ದೇ ಎಂದಿತು.

ಇಲ್ಲಿ ಮೊದಲ ಕೆಲಸ ಕ್ರೆಡಿಟ್ ಫ್ರೀಜ್. 2018ರಿಂದ ದೇಶದಾದ್ಯಂತ ಉಚಿತ. ಜನರ ಸಾಲದ ದಾಖಲೆ ಇಡುವ ಮೂರು ಕಂಪನಿಗಳಲ್ಲಿ ಬೀಗ ಹಾಕಿಬಿಟ್ಟರೆ ನಿಮ್ಮ ಹೆಸರಿನಲ್ಲಿ ಹೊಸ ಸಾಲ ಹುಟ್ಟುವುದು ಕಷ್ಟ. ಸಿಬಿಲ್‌ನಲ್ಲಿಯೂ ಹಾಗೆ ಮಾಡಿ.

ಥೇಮ್ಸ್_ತೀರ

ಇಂಗ್ಲೆಂಡಿನಲ್ಲಿ ಉಲ್ಟಾ ಆಯಿತು. ಮಾರಿಸನ್ಸ್ ಅಂಗಡಿ ಸರಣಿಯ ಒಳ ಲೆಕ್ಕಪರಿಶೋಧಕನೊಬ್ಬ ಹಗೆ ಸಾಧಿಸಲು 2014ರಲ್ಲಿ ಸುಮಾರು ಒಂದು ಲಕ್ಷ ನೌಕರರ ಸಂಬಳದ ವಿವರವನ್ನು ಅಂತರ್ಜಾಲಕ್ಕೆ ಹಾಕಿದ. ಅವನಿಗೆ ಎಂಟು ವರ್ಷ ಜೈಲಾಯಿತು. ಕಂಪನಿಯ ಮೇಲೆ ಸಾವಿರಾರು ಜನ ಹೂಡಿದ ದಾವೆ ಎರಡು ಹಂತ ಗೆದ್ದು, 2020ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಯಿತು. ಅವನ ವೈಯಕ್ತಿಕ ದ್ವೇಷಕ್ಕೆ ಕಂಪನಿ ಹೊಣೆಯಲ್ಲ ಎಂದರು.

ನಿವೃತ್ತ_ಕ್ಯಾಷಿಯರ್

ಬೆಟ್ಟದವರೇ, ನಿಮ್ಮಲ್ಲಿಯ ಬೀಗವನ್ನು ಇಲ್ಲಿಗೆ ಹಾಗೆಯೇ ತರಬೇಡಿ, ಇಲ್ಲಿ ಆ ಹಕ್ಕನ್ನು ಕಾನೂನು ಕೊಟ್ಟಿಲ್ಲ. ಇಲ್ಲಿ ಇರುವುದು ಕಾವಲು. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್ ಎಂದು ನಾಲ್ಕು ಕಂಪನಿಗಳಿವೆ. ಪ್ರತಿಯೊಂದೂ ವರ್ಷಕ್ಕೆ ಒಂದು ಪೂರ್ಣ ವರದಿ ಉಚಿತವಾಗಿ ಕೊಡಬೇಕು. ನಾಲ್ಕನ್ನೂ ಒಂದೇ ದಿನ ತೆಗೆದು ಮುಗಿಸಬೇಡಿ. ಮೂರು ತಿಂಗಳಿಗೊಂದರಂತೆ ತೆಗೆದರೆ ವರ್ಷವಿಡೀ ಕಣ್ಣಿಟ್ಟಂತಾಗುತ್ತದೆ.

ಬನಶಂಕರಿ_ಬಸ್ಸು

ಈ ವರದಿಯ ಮಹತ್ವ ನನಗೆ ಅರ್ಥವಾದದ್ದು ಗೃಹಸಾಲ ತಿರಸ್ಕಾರವಾದಾಗ. ಕಾರಣ ಕೇಳಿದರೆ, ನಾನು ಕೇಳಿಯೇ ಇರದ ಒಂದು ಸಾಲದ ಆ್ಯಪಿನಲ್ಲಿ 6,200 ರೂಪಾಯಿ ಬಾಕಿ! ಆರು ಸಾವಿರಕ್ಕೆ ಮನೆಯ ಕನಸು ನಿಂತಿತು. ಸಾಲ ಕೊಟ್ಟ ಸಂಸ್ಥೆಗೆ ಮೇಲ್, ಸಿಬಿಲ್‌ನಲ್ಲಿ ತಕರಾರು, ಠಾಣೆಯ ದೂರಿನ ಪ್ರತಿ, ಎಲ್ಲ ಲಗತ್ತಿಸಿದೆ. ಅವರು ಕೇಳಿದ್ದು ಏನು ಗೊತ್ತೇ? "ಸಾಲ ನೀವು ಪಡೆದಿಲ್ಲ ಎಂಬುದಕ್ಕೆ ದಾಖಲೆ ಕೊಡಿ." ಪಡೆಯದ ಸಾಲಕ್ಕೆ ಯಾವ ದಾಖಲೆ ಇರುತ್ತದೆ ಸ್ವಾಮಿ! ನಾನು ತಿರುಗಿ ಕೇಳಿದೆ: ಹಣ ಯಾವ ಖಾತೆಗೆ ಹಾಕಿದ್ದೀರಿ, ಆ ಖಾತೆ ಯಾರ ಹೆಸರಿನಲ್ಲಿದೆ, ತೋರಿಸಿ. ಅಲ್ಲಿಂದ ಹತ್ತೇ ದಿನ, ನಮೂದು ಅಳಿಸಿದರು.

ನಿವೃತ್ತ_ಕ್ಯಾಷಿಯರ್

ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. ತಕರಾರು ಕೊಟ್ಟ 30 ದಿನದೊಳಗೆ ಇತ್ಯರ್ಥವಾಗದಿದ್ದರೆ ದಿನಕ್ಕೆ ನೂರು ರೂಪಾಯಿ ಪರಿಹಾರ ಎಂಬ ನಿಯಮ 2024ರ ಏಪ್ರಿಲ್‌ನಿಂದ ಇದೆ. ಅದಕ್ಕೂ ಜಗ್ಗದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್, ಶುಲ್ಕವಿಲ್ಲ.

ತೆರಿಗೆ_ತಮ್ಮಯ್ಯ

ಪ್ಯಾನ್ ಅನ್ನು ಎಲ್ಲರೂ ಸಾಲಕ್ಕೆ ಮಾತ್ರ ಎಂದುಕೊಂಡಿದ್ದಾರೆ. ನನ್ನ ಬಳಿ ಬರುವ ಕಕ್ಷಿದಾರರೊಬ್ಬರು ಬಾಡಿಗೆ ಮನೆಯಲ್ಲಿರುವ ಆಟೋ ಚಾಲಕರು. ಮನೆ ಬಾಡಿಗೆ ಆದಾಯ ತೋರಿಸಿಲ್ಲ ಎಂದು ಇಲಾಖೆಯಿಂದ ನೋಟಿಸ್! ಯಾರೋ ತೆರಿಗೆ ವಿನಾಯಿತಿಗಾಗಿ ಇವರ ಪ್ಯಾನನ್ನು ಮಾಲೀಕರದ್ದೆಂದು ಬರೆದಿದ್ದರು. ಆದ್ದರಿಂದ ತೆರಿಗೆ ತಾಣದಲ್ಲಿ ವಾರ್ಷಿಕ ಮಾಹಿತಿ ವರದಿಯನ್ನು ತೆರೆದು, ಗುರುತಿಲ್ಲದ ಆದಾಯ ಇದೆಯೇ ನೋಡಿ. ಅದೇ ತಾಣದಲ್ಲಿ ಇ-ಫೈಲಿಂಗ್ ವಾಲ್ಟ್ ಎಂಬ ಹೆಚ್ಚುವರಿ ಬೀಗ ಇದೆ, ಹಾಕಿ. ಜಿಎಸ್‌ಟಿ ತಾಣದಲ್ಲಿ ಪ್ಯಾನ್ ಹಾಕಿ ಹುಡುಕಿದರೆ ನಿಮ್ಮ ಹೆಸರಿನಲ್ಲಿ ಯಾರಾದರೂ ವ್ಯಾಪಾರ ನೋಂದಾಯಿಸಿದ್ದಾರೆಯೇ ಎಂಬುದೂ ಕಾಣುತ್ತದೆ.

ಗೇಟ್_ಪಾಸ್

ನಾನು ಗುತ್ತಿಗೆ ಕಾರ್ಮಿಕ, ಬೇರೆ ಕಾರ್ಖಾನೆ. ನಮ್ಮ ಹೆಸರು ಕಂಪನಿಯ ಪಟ್ಟಿಯಲ್ಲಿಯೇ ಇಲ್ಲ. ಗುತ್ತಿಗೆದಾರ ಆಧಾರ್, ಪಾಸ್‌ಬುಕ್ ಎಲ್ಲದರ ಫೋಟೋವನ್ನು ವಾಟ್ಸ್ಆ್ಯಪಿನಲ್ಲಿ ತರಿಸಿಕೊಳ್ಳುತ್ತಾನೆ. ಅವನು ಮೊಬೈಲ್ ಬದಲಾಯಿಸುತ್ತಾನೆ, ಹಳೆಯದನ್ನು ಮಾರುತ್ತಾನೆ. ನಮಗೆ ಸುತ್ತೋಲೆಯೂ ಇಲ್ಲ, ದಾರ ಕಟ್ಟಿದ ಪೆನ್ನೂ ಇಲ್ಲ. ನಾವು ಯಾರನ್ನು ಕೇಳಬೇಕು?

ವಕಾಲತ್ತು_ನಾಮ

ಗೇಟ್ ಪಾಸ್ ಅವರೇ, ಪತ್ರ ಬರೆದರೆ ಇಬ್ಬರಿಗೂ ಬರೆಯಿರಿ, ಗುತ್ತಿಗೆದಾರನಿಗೂ ಕಾರ್ಖಾನೆಗೂ. ಮಾಹಿತಿಯನ್ನು ಯಾರು ಇಟ್ಟುಕೊಂಡಿದ್ದರೋ ನಿಭಾಯಿಸುತ್ತಿದ್ದರೋ ಅವರ ಮೇಲೆ 43ಎ ಬೀಳುತ್ತದೆ. ಹೊಸ ಕಾಯ್ದೆ ಪೂರ್ತಿ ಜಾರಿಯಾದ ಮೇಲಂತೂ ಕೆಲಸವನ್ನು ಹೊರಗಿನವರಿಗೆ ಕೊಟ್ಟಿದ್ದೇವೆ ಎಂದು ಕೈತೊಳೆದುಕೊಳ್ಳಲು ಆಗುವುದಿಲ್ಲ. ನಿಮ್ಮ ಸ್ಥಿತಿ ಪಾಳಿಯವರಿಗಿಂತ ಕಷ್ಟ, ಒಪ್ಪುತ್ತೇನೆ. ಇನ್ನು ಮುಂದೆ ಕೇಳಿದಾಗ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಆಧಾರ್ ಕೊಟ್ಟು ನೋಡಿ.

ಗೇಟ್_ಪಾಸ್

ಕೊಟ್ಟಿದ್ದೆ ಸಾರ್. "ನಂಬರ್ ಮುಚ್ಚಿದೆ, ಸರಿಯಾದದ್ದು ತಾ" ಎಂದು ವಾಪಸ್ ಕಳಿಸಿದ.

ಹೆಬ್ಬಾಳ_ಹಕ್ಕಿ

ಪೊಲೀಸರಿಗೆ ಹೋಗುವುದು ವ್ಯರ್ಥವೇ? ಕನ್ನಡದಲ್ಲಿ ದೂರು ಬರೆದರೆ ತೆಗೆದುಕೊಳ್ಳುತ್ತಾರೆಯೇ, ಅಥವಾ ಅಲ್ಲಿಯೂ ಇಂಗ್ಲಿಷೇ?

ಠಾಣೆ_ಕಂಡವನು

ಕರ್ನಾಟಕದ ಠಾಣೆಯಲ್ಲಿ ಕನ್ನಡದಲ್ಲಲ್ಲದೆ ಇನ್ಯಾವುದರಲ್ಲಿ! ನಾನು ಎರಡು ಸಲ ಸೈಬರ್ ಅಪರಾಧ ನೋಡುವ ಸೆನ್ ಠಾಣೆಗೆ ಹೋಗಿದ್ದೇನೆ, ಎರಡೂ ಸಲ ಕನ್ನಡದಲ್ಲಿಯೇ ಬರೆದುಕೊಟ್ಟೆ. ಹಣ ಹೋಗಿದ್ದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ, ಆಮೇಲೆ ಠಾಣೆ. ಹಣ ಇನ್ನೂ ಯಾರದೋ ಖಾತೆಯಲ್ಲಿ ನಿಂತಿರುವಾಗಲೇ ತಡೆಹಿಡಿಯಬೇಕು, ಒಂದೊಂದು ನಿಮಿಷವೂ ಲೆಕ್ಕಕ್ಕೆ ಬರುತ್ತದೆ. ಹಣ ಹೋಗಿಲ್ಲ, ಮಾಹಿತಿ ಮಾತ್ರ ಹೋಗಿದೆ ಎಂದರೆ "ಏನೂ ಆಗಿಲ್ಲವಲ್ಲ, ಮನೆಗೆ ಹೋಗಿ" ಎನ್ನುವವರು ಇದ್ದಾರೆ. ಆಗ ಜಗಳವಾಡಬೇಡಿ. ಎರಡು ಪ್ರತಿ ತೆಗೆದುಕೊಂಡು ಹೋಗಿ ಒಂದರ ಮೇಲೆ ಸೀಲು ಹಾಕಿಸಿಕೊಂಡು ಬನ್ನಿ. ನಾಳೆ ನಿಮ್ಮ ಹೆಸರಿನ ಸಿಮ್ಮಿನಿಂದ ಯಾರೋ ಅಪರಾಧ ಮಾಡಿದರೆ ಆ ಸೀಲೇ ನಿಮ್ಮನ್ನು ಕಾಯುತ್ತದೆ.

ಉದಾಸೀನ_ಮೂರ್ತಿ

ಸೀಲು ಹಾಕಿಸಿಕೊಳ್ಳುವುದಕ್ಕೆ ಮೂರು ದಿನ ಅಲೆಯಬೇಕು.

ಠಾಣೆ_ಕಂಡವನು

ಒಂದು ದಿನ ಅಲೆದೆ, ಮೂರ್ತಿಯವರೇ. ಊಟದ ಹೊತ್ತಿಗೆ ಹೋಗಬಾರದು ಅಷ್ಟೇ.

ಕಟ್ಟೆ_ನಿರ್ವಾಹಕ

ಒಂದು ಸೂಚನೆ. ಆ ಎಕ್ಸೆಲ್ ಹಾಳೆ "ನನ್ನ ಹತ್ತಿರವೂ ಇದೆ, ಬೇಕಾದರೆ ಕಳಿಸುತ್ತೇನೆ" ಎಂದು ಇಲ್ಲಿ ಒಬ್ಬರು ಬರೆದಿದ್ದರು, ಅಳಿಸಿದ್ದೇನೆ. 599 ಜನ ಬೇರೆಯವರ ಖಾತೆ ಅದರಲ್ಲಿದೆ. ಹಂಚುವವರೂ ಸೋರಿಸಿದವರ ಸಾಲಿಗೇ ಸೇರುತ್ತಾರೆ.

ವಕಾಲತ್ತು_ನಾಮ

ಸರಿಯಾಗಿ ಹೇಳಿದಿರಿ. ಪಾಳಿಯವರು ತಮ್ಮ ಸಾಲು ಕಾಣುವ ಚಿತ್ರವನ್ನು ಮಾತ್ರ ಇಟ್ಟುಕೊಳ್ಳಲಿ. ಅದು ಬಂದ ಫೋನನ್ನು ರೀಸೆಟ್ ಮಾಡಬೇಡಿ, ಮಾರಬೇಡಿ. ಡಿಜಿಟಲ್ ಸಾಕ್ಷ್ಯಕ್ಕೆ ಬೇಕಾಗುವ, ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಕೊಡುವಾಗ ಮೂಲ ಸಾಧನ ಕೈಯಲ್ಲಿರಬೇಕು. ನೋಟಿಸ್ ಬೋರ್ಡಿನ ಸುತ್ತೋಲೆಯನ್ನೂ ಫೋಟೋ ತೆಗೆಯಿರಿ, ಅದು ಹೆಚ್ಚು ದಿನ ಅಲ್ಲಿರುವುದಿಲ್ಲ.

ಎರಡನೇ_ಪಾಳಿ

ಎಲ್ಲರಿಗೂ ನಮಸ್ಕಾರ, ಐದು ದಿನದ ನಂತರ ಬರೆಯುತ್ತಿದ್ದೇನೆ.

ಸುತ್ತೋಲೆ ಮರುದಿನವೇ ಮಾಯವಾಯಿತು, ಆದರೆ ಫೋಟೋ ಇದೆ. ಒಬ್ಬನೇ ಹೋದರೆ ಗುರುತಿಟ್ಟುಕೊಳ್ಳುತ್ತಾರೆ ಎಂದು ಕ್ಯಾಂಟೀನಿನಲ್ಲಿ ಮಾತಾಡಿಕೊಂಡು ಇಪ್ಪತ್ತಮೂರು ಜನ ಒಂದೇ ಪತ್ರಕ್ಕೆ ಸಹಿ ಹಾಕಿದೆವು. ಯಾರ ಹೆಸರೂ ಮೊದಲು ಬರಬಾರದೆಂದು ಸಹಿಗಳನ್ನು ವೃತ್ತಾಕಾರವಾಗಿ ಹಾಕಿಸಿದ್ದು ನಮ್ಮ ಪ್ಯಾಕಿಂಗ್ ವಿಭಾಗದ ಅಕ್ಕ. ಏನೇನು ಸೋರಿದೆ, ಯಾವಾಗ ಗೊತ್ತಾಯಿತು, ಸರ್ಟ್-ಇನ್‌ಗೆ ಎಷ್ಟು ಗಂಟೆಗೆ ವರದಿ ಮಾಡಿದಿರಿ, ಲೆಕ್ಕದ ಸಂಸ್ಥೆಯ ಬಳಿ ನಮ್ಮ ಮಾಹಿತಿ ಇನ್ನೂ ಇದೆಯೇ, ಇಷ್ಟೇ ಕೇಳಿದ್ದೇವೆ. ಟಪಾಲು ವಿಭಾಗದವರು ಮೊದಲು ತೆಗೆದುಕೊಳ್ಳುವುದಿಲ್ಲ ಎಂದರು. ನಾವು ನಿಂತೇ ಇದ್ದೆವು. ಪಾಳಿಯ ಸೈರನ್ ಆದ ಮೇಲೆ ಸೀಲು ಒತ್ತಿದರು.

ಹೆಚ್‌ಆರ್ ಮೇಡಂ ಹೇಳಿದ ಹಾಗೆಯೇ ಆಯಿತು, ಮರುದಿನ ಹೆಡ್ ಆಫೀಸಿನಿಂದ ಟೈ ಕಟ್ಟಿದವರೊಬ್ಬರು ಬಂದರು. ಹದಿನೈದು ದಿನದಲ್ಲಿ ಬರಹದಲ್ಲಿ ಉತ್ತರ ಕೊಡುತ್ತೇವೆ ಎಂದಿದ್ದಾರೆ. ಕ್ಲೇಮಿನ ವಾಕ್ಯ ತೆಗೆದು ಹೊಸ ಕಾಗದ ಇಟ್ಟಿದ್ದಾರೆ. ಹಳೆಯದಕ್ಕೆ ಸಹಿ ಹಾಕಿದವರದ್ದನ್ನು ವಾಪಸ್ ಕೊಡುತ್ತೀರಾ ಎಂದು ಕೇಳಿದ್ದಕ್ಕೆ ಉತ್ತರ ಬಂದಿಲ್ಲ.

ಆಧಾರ್ ಲಾಕ್ ಮಾಡಿದ್ದೇನೆ. ಸಂಚಾರ್ ಸಾಥಿಯಲ್ಲಿ ನನ್ನ ಹೆಸರಿನಲ್ಲಿ ಮೂರು ಸಂಖ್ಯೆ ಇದ್ದವು. ಒಂದು ನನ್ನದು, ಒಂದು ಮನೆಯವಳದ್ದು. ಮೂರನೆಯದನ್ನು ನನ್ನದಲ್ಲ ಎಂದು ಗುರುತಿಸಿ ಕಳಿಸಿಬಿಟ್ಟೆ. ಸಂಜೆ ಊರಿನಿಂದ ತಮ್ಮ ನೆರೆಮನೆಯವರ ಫೋನಿನಿಂದ ಕರೆ ಮಾಡಿದ: "ಅಣ್ಣಾ, ನೀನು 2016ರಲ್ಲಿ ಕೊಡಿಸಿದ್ದ ಸಿಮ್ಮು, ಕಂಪನಿಯವರು ದಾಖಲೆ ಕೊಡಿ ಎಂದು ಸಂದೇಶ ಕಳಿಸಿ ಈಗ ಕರೆಯೇ ಹೋಗುತ್ತಿಲ್ಲ." ನಾಳೆ ಅದನ್ನು ಸರಿಪಡಿಸಲು ಅರ್ಧ ದಿನ ರಜೆ. ವಕೀಲರೇ, ಇದನ್ನು ನಷ್ಟದ ನೋಟ್‌ಬುಕ್ಕಿಗೆ ಬರೆಯಬಹುದೇ?

ವಕಾಲತ್ತು_ನಾಮ

ಬರೆಯಿರಿ. ಪೆನ್ಸಿಲಿನಲ್ಲಿ.